ಮನೆಯ ಲೆಕ್ಕದ ತಾಳೆ: ಕೈಬರಹವೋ, ತಂತ್ರಾಂಶವೋ?



ಪಂಚಾಯಿತಿಯ ಜಮಾ-ಖರ್ಚು ಸಭೆಯ ಮುಂದೆ ಬಂದಾಗ ‘ಮೊತ್ತ ಸರಿಯಿದೆಯೇ?’ ಎಂದು ಕೇಳಿ ಒಪ್ಪಿಗೆ ನೀಡುವುದುಂಟು. ಗಣಕಯಂತ್ರ ಕೂಡಿದ ಮೊತ್ತ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ‘ಈ ಲೆಕ್ಕ ಬ್ಯಾಂಕಿನ ಪಾಸ್‌ಪುಸ್ತಕದೊಡನೆ ತಾಳೆಯಾಗಿದೆಯೇ?’ ಈ ಪ್ರಶ್ನೆ ಕೇಳುವುದನ್ನು ಕಲಿಯಲು ನಮ್ಮ ಮನೆಯ ಲೆಕ್ಕವೇ ತಕ್ಕ ಪಾಠಶಾಲೆ.

ಒಂದು ಅನುಭವ

ಕೆಲವು ವರ್ಷಗಳ ಹಿಂದೆ ನಾನು ಮೈಸೂರಿನ ಹೆಬ್ಬಾಳದಲ್ಲಿ ಬಾಡಿಗೆ ಮನೆಯಲ್ಲಿದ್ದೆ. ಕೈಗಾರಿಕಾ ಪ್ರದೇಶವಾದುದರಿಂದ ನೆರೆಹೊರೆಯ ಅನೇಕರಿಗೆ ಸಂಬಳ ನೇರವಾಗಿ ಖಾತೆಗೆ ಬರುತ್ತಿತ್ತು. ಬಾಡಿಗೆ, ಹಾಲು, ತರಕಾರಿಯ ಹಣ ಮೊಬೈಲಿನಿಂದಲೇ ಹೋಗುತ್ತಿತ್ತು. ಎಂಜಿನಿಯರಿಂಗ್ ಓದಿದ ಹೆಮ್ಮೆಯಲ್ಲಿ ನಾನು ಮನೆಯ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಇಟ್ಟಿದ್ದೆ. ಒಂದು ತಿಂಗಳು ಮೊತ್ತದ ಸಾಲಿನ ಕೆಳಗೆ ಮೂರು ಖರ್ಚುಗಳನ್ನು ಸೇರಿಸಿದೆ. ಸೂತ್ರವು ಅವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಎಕ್ಸೆಲ್‌ನಲ್ಲಿ ಕಂಡ ಉಳಿಕೆ ಖಾತೆಯಲ್ಲಿ ಇರಲಿಲ್ಲ. ಸಾಲದ ಕಂತು ತಪ್ಪಿತು, ದಂಡ ಬಿತ್ತು. ತಂತ್ರಾಂಶ ಹೇಳಿದಷ್ಟನ್ನೇ ಮಾಡಿತ್ತು. ಪಾಸ್‌ಪುಸ್ತಕ ತೆರೆದು ನೋಡದ ತಪ್ಪು ನನ್ನದು.

ಎರಡರ ಗುಣ, ಎರಡರ ಮಿತಿ

ಕೈಯಿಂದ ಬರೆಯುವಾಗ ಪ್ರತಿ ಖರ್ಚೂ ಒಮ್ಮೆ ಕಣ್ಣಮುಂದೆ ಹಾದುಹೋಗುತ್ತದೆ. ಆದರೆ ಕೂಡುವಲ್ಲಿ, ಮುಂದಿನ ಪುಟಕ್ಕೆ ಮೊತ್ತ ಒಯ್ಯುವಲ್ಲಿ ತಪ್ಪುಗಳು ನುಸುಳುತ್ತವೆ. ತಂತ್ರಾಂಶ ಕ್ಷಣದಲ್ಲಿ ಕೂಡುತ್ತದೆ, ಹನ್ನೆರಡು ತಿಂಗಳ ಖರ್ಚನ್ನು ಹೋಲಿಸಿ ತೋರಿಸುತ್ತದೆ. ಆದರೆ ನಾವು ನಮೂದಿಸದ ಖರ್ಚು ಅದಕ್ಕೆ ತಿಳಿಯದು. ಆದ್ದರಿಂದ ಎರಡಕ್ಕೂ ತಾಳೆ ನೋಡುವ ಕೆಲಸ ತಪ್ಪದು.

ಉದಾಹರಣೆ

ಒಂದು ಮನೆಯ ಮೇ ತಿಂಗಳ ಕೊನೆಯ ಲೆಕ್ಕ ಹೀಗಿದೆಯೆನ್ನೋಣ: ಪುಸ್ತಕದಲ್ಲಿ ಬ್ಯಾಂಕ್ ಉಳಿಕೆ ₹4,860, ಪಾಸ್‌ಪುಸ್ತಕದಲ್ಲಿ ₹6,334. ವ್ಯತ್ಯಾಸ ₹1,474.

1. ಶಾಲೆಗೆ ಕೊಟ್ಟ ₹2,000ದ ಚೆಕ್ ಇನ್ನೂ ನಗದಾಗಿಲ್ಲ. ಪಾಸ್‌ಪುಸ್ತಕದ ಉಳಿಕೆಯಿಂದ ಕಳೆದರೆ ₹4,334.
2. ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ವಾರ್ಷಿಕ ಕಂತು ₹436 ತಾನಾಗಿ ಕಡಿತವಾಗಿದೆ, ಪುಸ್ತಕದಲ್ಲಿ ಬರೆದಿಲ್ಲ. ಕಳೆದರೆ ಪುಸ್ತಕದ ಉಳಿಕೆ ₹4,424.
3. ಇನ್ನೂ ₹90 ವ್ಯತ್ಯಾಸ. ವ್ಯತ್ಯಾಸವು 9ರಿಂದ ನಿಶ್ಶೇಷವಾಗಿ ಭಾಗವಾದರೆ ಅಂಕಿಗಳು ಅದಲುಬದಲಾಗಿರುವ ಸಂಭವವಿದೆ. ಹುಡುಕಿದಾಗ ₹540ರ ದಿನಸಿ ಖರ್ಚು ₹450 ಎಂದು ದಾಖಲಾಗಿದ್ದುದು ಸಿಕ್ಕಿತು. ಈಗ ಎರಡೂ ಕಡೆ ₹4,334.

ಇನ್ನೊಂದು ಸೂತ್ರವೂ ನೆನಪಿರಲಿ: ಜಮೆಯನ್ನು ಖರ್ಚೆಂದು ಬರೆದಿದ್ದರೆ ವ್ಯತ್ಯಾಸ ಆ ಮೊತ್ತದ ಎರಡರಷ್ಟಾಗುತ್ತದೆ. ಆದ್ದರಿಂದ ವ್ಯತ್ಯಾಸದ ಅರ್ಧದಷ್ಟು ಮೊತ್ತವನ್ನು ಪುಸ್ತಕದಲ್ಲಿ ಹುಡುಕಬೇಕು.

ಇದು ಕೇವಲ ಅಂಕಿಗಳ ಆಟವಲ್ಲ. ಮೇ ಅಂತ್ಯದಲ್ಲಿ ಖಾತೆಯಲ್ಲಿ ₹436 ಇಲ್ಲದಿದ್ದರೆ ವಿಮೆ ನವೀಕರಣವಾಗುವುದಿಲ್ಲ. ದುಡಿಯುವವರು ತೀರಿಕೊಂಡರೆ ಕುಟುಂಬಕ್ಕೆ ದೊರೆಯಬೇಕಾದ ₹2 ಲಕ್ಷ ಕೈತಪ್ಪುತ್ತದೆ. ಹಣವಿದೆಯೆಂಬ ಭ್ರಮೆಗೆ ತೆರುವ ಬೆಲೆ ಅಷ್ಟು.

ಮನೆಯಿಂದ ಪಂಚಾಯಿತಿಗೆ

2006ರ ಗ್ರಾಮ ಪಂಚಾಯಿತಿಗಳ ಆಯವ್ಯಯ ಮತ್ತು ಲೆಕ್ಕಪತ್ರ ನಿಯಮಗಳು ನಮಗೆ ದ್ವಿನಮೂದು ಪದ್ಧತಿಯನ್ನು ತಂದವು. ಇಂದು ನಮೂದುಗಳು ‘ಪಂಚತಂತ್ರ’ ತಂತ್ರಾಂಶದಲ್ಲಿ ನಡೆಯುತ್ತವೆ. ಆದರೂ ಎರಡೂ ಬದಿಗಳಲ್ಲಿ ಒಂದೇ ತಪ್ಪು ಮೊತ್ತ ನಮೂದಾದರೆ, ಅಥವಾ ಒಂದು ವೆಚ್ಚ ಪೂರ್ತಿ ಬಿಟ್ಟುಹೋದರೆ, ಲೆಕ್ಕ ಸಮನಾಗಿಯೇ ಕಾಣುತ್ತದೆ. ಅದನ್ನು ಹೊರಗೆಡಹುವುದು ಬ್ಯಾಂಕ್ ಹೊಂದಾಣಿಕೆ ಪಟ್ಟಿ. ಅದನ್ನು ಸಭೆಯಲ್ಲಿ ಕೇಳುವುದು ನನ್ನಂತಹ ಅಧಿಕಾರಿಯ ಮೇಲಿನ ಅಪನಂಬಿಕೆಯಲ್ಲ. ನನ್ನ ಕಣ್ಣಿಗೆ ಬೀಳದ ತಪ್ಪನ್ನು ತೋರಿಸುವ ನೆರವು.

ಅಭ್ಯಾಸ

ಈ ತಿಂಗಳ ಕೊನೆಯಲ್ಲಿ ಸದಸ್ಯರು ತಮ್ಮ ಮನೆಯ ಪುಸ್ತಕವನ್ನೋ ಮೊಬೈಲಿನ ಲೆಕ್ಕವನ್ನೋ ಪಾಸ್‌ಪುಸ್ತಕದೊಡನೆ ಸಾಲುಸಾಲಾಗಿ ಹೋಲಿಸಿ, ತಾಳೆಯಾದ ಪ್ರತಿ ಸಾಲಿಗೂ ಗುರುತು ಹಾಕಬೇಕು. ಗುರುತು ಬೀಳದ ಸಾಲುಗಳಿಗೆ ಕಾರಣ ಬರೆಯಬೇಕು. ಬಳಿಕ ಅದೇ ರೀತಿ ಪಂಚಾಯಿತಿಯ ಒಂದು ಖಾತೆಯ ಒಂದು ತಿಂಗಳ ಲೆಕ್ಕವನ್ನು ಪರಿಶೀಲಿಸಲು ಕೋರಿದೆ.