ಕೆಂಪು ದೀಪದ ಪಾಠ: ಕಾರಿನ ಆಯಿಲ್ ಪಂಪ್ ಬಿಚ್ಚಿ ನೋಡಿದಾಗ



ಅಬ್ಬಾ ಸಂತೆಗಳಿಗೆ ಬಟ್ಟೆ ಒಯ್ಯುವುದು ನಮ್ಮ ಹಳೆಯ ಮಾರುತಿ 800ರಲ್ಲೇ. ಕಳೆದ ರಜೆಯಲ್ಲಿ ನಾನೂ ಜೊತೆಗೆ ಹೋಗಿದ್ದೆ. ವಾಪಸು ಬರುವಾಗ ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಡಬ್ಬಿಯ ಚಿತ್ರದ ಕೆಂಪು ದೀಪ ಹತ್ತಿತು. ಡಿಪ್‌ಸ್ಟಿಕ್ ತೆಗೆದು ನೋಡಿದರೆ ಎಣ್ಣೆ ಸರಿಯಾಗಿಯೇ ಇತ್ತು. "ವೈರ್ ಲೂಸ್ ಆಗಿರಬೇಕು, ಹೋಗೋಣ ಅಬ್ಬಾ" ಎಂದವನು ನಾನೇ. ಅದೇ ನನ್ನ ತಪ್ಪು. ಆ ದೀಪ ಹೇಳುವುದು ಎಣ್ಣೆಯ ಪ್ರಮಾಣವನ್ನಲ್ಲ, ಒತ್ತಡವನ್ನು.

ಮಾಮು ತಮ್ಮ ಗ್ಯಾರೇಜಿನಲ್ಲಿ ಪ್ರೆಶರ್ ಸ್ವಿಚ್ ಬಿಚ್ಚಿ, ಆ ಜಾಗಕ್ಕೆ ಗೇಜ್ ಹಾಕಿದರು. ಎಂಜಿನ್ ಬಿಸಿಯಾದ ಮೇಲೆ ಮುಳ್ಳು ಮೇಲೇಳಲೇ ಇಲ್ಲ. ವೈರ್ ಸರಿಯಾಗಿತ್ತು, ನಿಜಕ್ಕೂ ಒತ್ತಡವೇ ಇರಲಿಲ್ಲ.

ಬಿಚ್ಚುವುದು: ಈ ಎಂಜಿನ್ನಿನಲ್ಲಿ ಪಂಪ್ ಇರುವುದು ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲಿ, ಟೈಮಿಂಗ್ ಬೆಲ್ಟಿನ ಹಿಂದೆ. ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು, ಕಾರನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದೆವು. ಬರೀ ಜಾಕ್ ನಂಬಿ ಕಾರಿನ ಕೆಳಗೆ ಹೋಗಲೇಬಾರದು. ಎಣ್ಣೆ ಇಳಿಸಿ, ಪುಲ್ಲಿ ಮತ್ತು ಕವರ್ ತೆಗೆದು, ಟೈಮಿಂಗ್ ಗುರುತುಗಳನ್ನು ಹೊಂದಿಸಿದ ಮೇಲೆಯೇ ಬೆಲ್ಟ್ ಕಳಚಿದೆವು. ನಂತರ ಗ್ಯಾರೇಜಿನವರು 'ಚೇಂಬರ್' ಎನ್ನುವ ಆಯಿಲ್ ಪ್ಯಾನ್, ಅದರೊಳಗಿನ ಜಾಲರಿ, ಕೊನೆಗೆ ಪಂಪ್. ಬೋಲ್ಟುಗಳನ್ನು ರಟ್ಟಿಗೆ ಚುಚ್ಚಿ, ಯಾವುದು ಎಲ್ಲಿಯದೆಂದು ಬರೆದಿಟ್ಟೆ.

ಪರೀಕ್ಷೆ: ಪಂಪಿನೊಳಗೆ ಎರಡು ರೋಟರ್‌ಗಳಿವೆ. ಒಳಗಿನದಕ್ಕೆ ಹೊರಗಿನದಕ್ಕಿಂತ ಒಂದು ಹಲ್ಲು ಕಡಿಮೆ. ತಿರುಗುವಾಗ ನಡುವಿನ ಜಾಗ ಹಿಗ್ಗಿದಲ್ಲಿ ಎಣ್ಣೆ ಒಳಬರುತ್ತದೆ, ಕುಗ್ಗಿದಲ್ಲಿ ಹೊರಕ್ಕೆ ತಳ್ಳಲ್ಪಡುತ್ತದೆ. ಸವೆದು ಸಂದು ಹೆಚ್ಚಾದರೆ ಎಣ್ಣೆ ಹಿಂದಕ್ಕೆ ಜಾರುತ್ತದೆ. ಬಿಸಿ ಎಣ್ಣೆ ತೆಳುವಾದ್ದರಿಂದ ಇನ್ನೂ ಬೇಗ ಜಾರುತ್ತದೆ. ಸ್ನಿಗ್ಧತೆಯ ಪಾಠ ನನಗೆ ಅರ್ಥವಾದದ್ದು ಅಲ್ಲೇ! ಹೊರ ರೋಟರ್ ಮತ್ತು ಪಂಪಿನ ಗೋಡೆಯ ನಡುವೆ ಫೀಲರ್ ಗೇಜ್ ತೂರಿಸಿದೆವು. ಮೇಲೆ ನೇರ ಪಟ್ಟಿ ಇಟ್ಟು ಅದರಡಿಯ ಸಂದನ್ನೂ ಅಳೆದೆವು. ಎರಡೂ ಕೈಪಿಡಿಯ ಮಿತಿ ದಾಟಿದ್ದವು. ಮುಚ್ಚಳದ ಮೇಲೆ ಉಗುರಿಗೆ ಸಿಗುವಷ್ಟು ಗೀರುಗಳು. ಜಾಲರಿಗೆ ಕಪ್ಪು ಜಿಡ್ಡು ಅಂಟಿತ್ತು. ಎಣ್ಣೆ ಬದಲಿಸದೆ, ಕಡಿಮೆಯಾದಾಗಲೆಲ್ಲ ಮೇಲಿಂದ ಸುರಿಯುತ್ತಿದ್ದ ನಮ್ಮ ಉಳಿತಾಯದ ಫಲವದು.

ಮಾಮು ಚೇಂಬರಿನ ತಳವನ್ನು ಬೆರಳಿನಿಂದ ಸವರಿ, ಬೆಳಕಿಗೆ ಹಿಡಿದರು. ಲೋಹದ ಹೊಳಪಿನ ಚೂರುಗಳಿದ್ದರೆ ಬೇರಿಂಗ್ ಹೋಗಿದೆ ಎಂದರ್ಥ. ಆಗ ಪಂಪ್ ಬದಲಿಸಿ ಪ್ರಯೋಜನವಿಲ್ಲ. ಅಬ್ಬಾ ಮಾತಾಡದೆ ನಿಂತಿದ್ದರು. ಚೂರುಗಳಿರಲಿಲ್ಲ.

ಜೋಡಿಸುವುದು: ಹೊಸ ಪಂಪಿನ ರೋಟರ್‌ಗಳಿಗೆ ಎಣ್ಣೆ ಸವರಿ, ಹೊಸ ಗ್ಯಾಸ್ಕೆಟ್ ಮತ್ತು ಆಯಿಲ್ ಸೀಲ್ ಹಾಕಿದೆವು. ಜಾಲರಿ ತೊಳೆದೆವು. ಬೆಲ್ಟ್ ಏರಿಸಿ, ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ಗುರುತುಗಳನ್ನು ಮತ್ತೆ ನೋಡಿದೆವು. ಹೊಸ ಫಿಲ್ಟರ್, ಹೊಸ ಎಣ್ಣೆ. ಇಗ್ನಿಷನ್ ಸಂಪರ್ಕ ತಪ್ಪಿಸಿ, ಗೇಜಿನ ಮುಳ್ಳು ಏಳುವವರೆಗೆ ಬಿಟ್ಟುಬಿಟ್ಟು ಸೆಲ್ಫ್ ಹೊಡೆದು, ಆಮೇಲೆ ಎಂಜಿನ್ ಚಾಲೂ ಮಾಡಿದೆವು.

ಎಂಜಿನ್ ಬಿಸಿಯಾದರೂ ಮುಳ್ಳು ಇಳಿಯಲಿಲ್ಲ. ಮುಂದಿನ ಸಂತೆಗೆ ಅಬ್ಬಾ ಅದೇ ಕಾರಿನಲ್ಲಿ ಹೋದರು.

ಸ್ನೇಹಿತರೇ, ನಿಮ್ಮ ಮನೆಯ ವಾಹನದಲ್ಲಿ ಆ ಕೆಂಪು ದೀಪ ಹತ್ತಿದರೆ ಪಕ್ಕಕ್ಕೆ ನಿಲ್ಲಿಸಿ, ತಕ್ಷಣ ಎಂಜಿನ್ ಬಂದ್ ಮಾಡಿಸಿ. "ಮನೆಗೆ ಹೋಗಿ ನೋಡೋಣ" ಎನ್ನಬೇಡಿ. ನಾನು ಹಾಗೆಂದಿದ್ದೆ, ನಮ್ಮ ಎಂಜಿನ್ ಉಳಿದದ್ದು ಅದೃಷ್ಟದಿಂದ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿ