ನಿಜವಲ್ಲದ ಕತೆಗಳಿಂದೇನು ಪ್ರಯೋಜನ? – ನಾಲ್ಕು ಅದ್ಭುತ ಕಾದಂಬರಿಗಳ ಪರಿಚಯ



ಕಳೆದ ವರ್ಷ ಪಾಲಕರ ಸಭೆ ಮುಗಿದ ಮೇಲೆ ಒಬ್ಬ ತಂದೆಯವರು ನಮ್ಮ ಮೇಜಿನ ಬಳಿಗೆ ಬಂದು, ಚೀಲದಿಂದ ಒಂದು ದಪ್ಪ ಇಂಗ್ಲಿಷ್ ಪುಸ್ತಕವನ್ನು ತೆಗೆದಿಟ್ಟರು. ಒಂಬತ್ತನೆಯ ತರಗತಿಯಲ್ಲಿ ಓದುವ ಅವರ ಮಗನು ಅದನ್ನು ಹಿಡಿದುಕೊಂಡು ನಡುರಾತ್ರಿಯವರೆಗೂ ಅಡುಗೆಮನೆಯ ದೀಪದ ಕೆಳಗೆ ಕುಳಿತಿರುತ್ತಿದ್ದನಂತೆ. "ಮಾಸ್ತರೇ, ಇದರಲ್ಲಿರುವುದೆಲ್ಲ ಮಾಟ, ಮಂತ್ರ, ದೆವ್ವಗಳ ಕತೆ. ನಿಜವಲ್ಲದ್ದನ್ನು ಓದಿ ಹುಡುಗನಿಗೇನು ಸಿಗುತ್ತದೆ? ನಾನು ಬೆಳಗಿನ ನಾಲ್ಕಕ್ಕೆದ್ದು ಹೋಟೆಲಿನ ಗಲ್ಲಾದಲ್ಲಿ ಕೂರುವುದು ಇದಕ್ಕೇನು?" ಎಂದು ಅವರು ಕೇಳಿದರು. ಆ ಪುಸ್ತಕವನ್ನು ಹುಡುಗನಿಗೆ ಕೊಟ್ಟವರು ನಾವೇ ಆಗಿದ್ದೆವು. "ಓದಿದರೆ ಭಾಷೆ ಸುಧಾರಿಸುತ್ತದೆ" ಎಂದಷ್ಟೇ ಹೇಳಿ ಅವರನ್ನು ಕಳುಹಿಸಿದೆವು. ಅದು ಸುಳ್ಳಲ್ಲವಾದರೂ ಪೂರ್ಣವಾದ ಉತ್ತರವಾಗಿರಲಿಲ್ಲ. ಅಂದು ಕೊಡಲಾರದ ಉತ್ತರವನ್ನು ಇಲ್ಲಿ ಕೊಡಲು ಯತ್ನಿಸುತ್ತೇವೆ.

ಮೊದಲು ಒಂದು ಮಾತು. ಅದ್ಭುತ ಕತೆ ನಮಗೆ ಹೊಸದಲ್ಲ. ನಮ್ಮ ಆಲಂಕಾರಿಕರು ಅದ್ಭುತವನ್ನೂ ಭಯಾನಕವನ್ನೂ ರಸಗಳ ಸಾಲಿನಲ್ಲಿ ಎಣಿಸಿದ್ದಾರೆ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ಸಂಸ್ಕೃತದಲ್ಲಿ ರಚಿಸಿದ ಕಥಾಸರಿತ್ಸಾಗರದಲ್ಲಿ ಬೇತಾಳನ ಇಪ್ಪತ್ತೈದು ಕತೆಗಳಿವೆ. ಈ ನಗರದಲ್ಲಿ ಯಕ್ಷಗಾನ ನಡೆದಾಗ ಮಹಿಷಾಸುರನು ಅಬ್ಬರಿಸುತ್ತ ರಂಗಕ್ಕೆ ಬಂದರೆ ನಿಮ್ಮಲ್ಲಿ ಚಿಕ್ಕವರು ತಾಯಿಯ ಸೆರಗು ಹಿಡಿಯುತ್ತೀರಿ. ಆದರೆ ಎದ್ದು ಮನೆಗೆ ಹೋಗುವುದಿಲ್ಲ. ಕೋಣನ ತಲೆಯ ರಾಕ್ಷಸನಿರುವುದು ನಿಜವೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಹೆದರಿಕೆ ನಿಜವಾದುದು, ಅದರೆದುರು ನಿಲ್ಲುವ ಧೈರ್ಯವೂ ನಿಜವಾದುದು ಎಂದು ಎಲ್ಲರೂ ಬಲ್ಲರು. ಒಳ್ಳೆಯ ಅದ್ಭುತ ಕಾದಂಬರಿಯು ಮಾಡುವುದೂ ಇದನ್ನೇ. ಹೆಸರಿಲ್ಲದೆ ನಮ್ಮೊಳಗೆ ಅಡಗಿರುವ ಭಯಕ್ಕೆ ಅದು ಒಂದು ರೂಪವನ್ನೂ ಹೆಸರನ್ನೂ ಕೊಡುತ್ತದೆ. ರೂಪ ಬಂದುದನ್ನು ನೋಡಬಹುದು. ಹೆಸರು ಬಂದುದನ್ನು ಎದುರಿಸಬಹುದು. ಇದಕ್ಕೆ ನಿದರ್ಶನವಾಗಿ ನಾಲ್ಕು ಕೃತಿಗಳನ್ನು ಪರಿಚಯಿಸುತ್ತೇವೆ.

೧. ಹೆದರಿಕೆಯನ್ನು ನಗೆಗೀಡು ಮಾಡುವ ಪಾಠ

ಆ ತಂದೆಯವರು ಮೇಜಿನ ಮೇಲಿಟ್ಟುದು ಜೆ. ಕೆ. ರೌಲಿಂಗ್ ಅವರ 'ಹ್ಯಾರಿ ಪಾಟರ್ ಆ್ಯಂಡ್ ದ ಪ್ರಿಸನರ್ ಆಫ್ ಅಜ್ಕಬಾನ್' ಎಂಬ ಕಾದಂಬರಿ. ೧೯೯೭ರಿಂದ ೨೦೦೭ರವರೆಗೆ ಹೊರಬಂದ ಏಳು ಸಂಪುಟಗಳಲ್ಲಿ ಇದು ಮೂರನೆಯದು, ೧೯೯೯ರಲ್ಲಿ ಪ್ರಕಟವಾಯಿತು. ಮಾಂತ್ರಿಕರ ಶಾಲೆಯಲ್ಲಿ ಓದುವ ಹ್ಯಾರಿ ತಂದೆತಾಯಿಗಳಿಲ್ಲದ ಹುಡುಗ. ಈ ಸಂಪುಟದಲ್ಲಿ ಲ್ಯೂಪಿನ್ ಎಂಬ ಹೊಸ ಮಾಸ್ತರರು ಬರುತ್ತಾರೆ. ಅವರ ಮೊದಲ ಪಾಠವನ್ನು ಓದಿದಾಗ, ಹದಿನೈದು ವರ್ಷ ಪಾಠ ಹೇಳಿದ ಮೇಲೂ ಅಂಥ ಒಂದು ಪಾಠವನ್ನು ನಾವು ಮಾಡಿಲ್ಲವಲ್ಲ ಎಂದು ನಮಗೆ ಅಸೂಯೆಯಾಯಿತು.

ಒಂದು ಹಳೆಯ ಕಪಾಟಿನೊಳಗೆ ಬೊಗಾರ್ಟ್ ಎಂಬ ಜೀವಿ ಸೇರಿಕೊಂಡಿದೆ. ಎದುರಿಗೆ ನಿಂತವರು ಯಾವುದಕ್ಕೆ ಅತಿಯಾಗಿ ಅಂಜುವರೋ ಅದೇ ರೂಪವನ್ನು ಅದು ತಾಳುತ್ತದೆ. ತರಗತಿಯಲ್ಲಿ ಎಲ್ಲರ ನಗೆಗೆ ಗುರಿಯಾಗುವ ನೆವಿಲ್ ಎಂಬ ಹುಡುಗನಿಗೆ ಅದು ಅವನನ್ನು ಸದಾ ಗದರಿಸುವ ಒಬ್ಬ ಶಿಕ್ಷಕರಂತೆ ಕಾಣುತ್ತದೆ. ಲ್ಯೂಪಿನ್ ಮಾಸ್ತರರು ಅವನನ್ನೇ ಮೊದಲು ಮುಂದಕ್ಕೆ ಕರೆದು, ಆ ಶಿಕ್ಷಕರು ನಿನ್ನ ಅಜ್ಜಿಯ ಉಡುಪನ್ನು ತೊಟ್ಟಂತೆ ಕಲ್ಪಿಸಿಕೋ ಎನ್ನುತ್ತಾರೆ. ಭಯವು ನಗೆಯಲ್ಲಿ ಕರಗುತ್ತದೆ. ಆದರೆ ನಗೆಗೆ ಬಗ್ಗದ ಭಯವೂ ಉಂಟೆಂದು ಲೇಖಕಿ ಬಲ್ಲರು. ಮನಸ್ಸಿನ ಸಂತೋಷವನ್ನೆಲ್ಲ ಹೀರುವ ಡಿಮೆಂಟರ್ ಎಂಬ ಕಾವಲುಗಾರರ ಎದುರಿನಲ್ಲಿ ಹ್ಯಾರಿ ಕುಸಿದು ಬೀಳುತ್ತಾನೆ. ಅವರನ್ನು ಓಡಿಸುವ ಮಂತ್ರ ಫಲಿಸಬೇಕಾದರೆ, ತನ್ನ ಜೀವನದಲ್ಲಿ ನಿಜವಾಗಿ ಸುಖವಾಗಿದ್ದ ಒಂದು ಗಳಿಗೆಯನ್ನು ಗಟ್ಟಿಯಾಗಿ ನೆನೆಯಬೇಕು. ಅಂಥ ಗಳಿಗೆಯನ್ನು ಹುಡುಕುವುದೇ ಆ ಅನಾಥ ಹುಡುಗನಿಗೆ ಕಷ್ಟ. ಈ ಭಾಗವನ್ನು ಓದುವಾಗ ನಿಮ್ಮದೊಂದು ಗಳಿಗೆಯನ್ನು ನೀವೂ ಹುಡುಕಿಕೊಳ್ಳಿರಿ. ಮೊದಲ ಸಂಪುಟದಿಂದಲೇ ಓದನ್ನು ಆರಂಭಿಸುವುದು ಉತ್ತಮ.

೨. ತನ್ನ ನೆರಳಿನಿಂದ ಓಡಿದ ಹುಡುಗ

ಹ್ಯಾರಿ ಪಾಟರನು ಹುಟ್ಟುವುದಕ್ಕೆ ಎಷ್ಟೋ ಮೊದಲೇ, ೧೯೬೮ರಲ್ಲಿ, ಅಮೆರಿಕದ ಉರ್ಸುಲಾ ಲೆ ಗ್ವಿನ್ (೧೯೨೯–೨೦೧೮) ಎಂಬ ಲೇಖಕಿ ಮಾಂತ್ರಿಕರ ಶಾಲೆಯೊಂದನ್ನು ಚಿತ್ರಿಸಿದ್ದರು. ಆ ಕೃತಿಯ ಹೆಸರು 'ಎ ವಿಝರ್ಡ್ ಆಫ್ ಅರ್ಥ್‌ಸೀ'. ನೂರಾರು ದ್ವೀಪಗಳ ಒಂದು ಲೋಕ. ಅಲ್ಲಿ ಗಾಂಟ್ ಎಂಬ ಬೆಟ್ಟದ ದ್ವೀಪದಲ್ಲಿ ಆಡು ಕಾಯುವ, ತಾಯಿಯಿಲ್ಲದ ಹುಡುಗ ಗೆಡ್. ಅವನ ಮೈಬಣ್ಣ ತಾಮ್ರದಂಥ ಕಂದು. ಇಂಗ್ಲಿಷ್ ಕತೆಗಳ ನಾಯಕರೆಲ್ಲ ಬಿಳಿಯರಾಗಿಯೇ ಇರಬೇಕೆಂಬ ರೂಢಿಯಿದ್ದ ಕಾಲದಲ್ಲಿ ಲೇಖಕಿ ಬೇಕೆಂದೇ ಹಾಗೆ ಬರೆದರು.

ಈ ಲೋಕದಲ್ಲಿ ಮಂತ್ರವೆಂದರೆ ವಸ್ತುವಿನ ನಿಜನಾಮವನ್ನು ಅರಿಯುವುದು. ಆದರೆ ಅರಿತ ಮಾತ್ರಕ್ಕೆ ಬಳಸುವಂತಿಲ್ಲ. ಒಂದು ಕಡೆ ಮಳೆ ತರಿಸಿದರೆ ಇನ್ನೊಂದು ಕಡೆ ಅದರ ಕೊರತೆಯಾದೀತು. ಆದ್ದರಿಂದಲೇ ಗೆಡ್‌ನ ಮೊದಲ ಗುರು ಒಗಿಯನ್, ಮಳೆಯನ್ನು ತಡೆಯಬಲ್ಲವನಾದರೂ ತಡೆಯದೆ, ಒಂದು ಮರದ ಕೆಳಗೆ ಮಲಗುತ್ತಾನೆ. ಗೆಡ್‌ನಿಗೆ ಈ ತಾಳ್ಮೆ ಹಿಡಿಸುವುದಿಲ್ಲ. ಶಾಲೆಗೆ ಸೇರಿದ ಮೇಲೆ, ತನ್ನನ್ನು ಹಳ್ಳಿಯವನೆಂದು ಚುಚ್ಚಿದ ಸಹಪಾಠಿಯ ಮುಂದೆ ಹೆಚ್ಚುಗಾರಿಕೆ ತೋರಿಸಹೋಗಿ, ಕರೆಯಬಾರದುದನ್ನು ಕರೆಯುತ್ತಾನೆ. ಕತ್ತಲೆಯಿಂದ ಒಂದು ನೆರಳು ಹೊರಬಿದ್ದು ಅವನ ಮುಖವನ್ನು ಸೀಳುತ್ತದೆ. ಅದನ್ನು ತಡೆಯಹೋದ ವೃದ್ಧ ಗುರುವೊಬ್ಬನ ಪ್ರಾಣವೂ ಹೋಗುತ್ತದೆ. ಮುಂದೆ ಗೆಡ್ ದ್ವೀಪದಿಂದ ದ್ವೀಪಕ್ಕೆ ಓಡುತ್ತಾನೆ. ಓಡಿದಷ್ಟೂ ನೆರಳಿಗೆ ಬಲ ಬರುತ್ತದೆ. ತಿರುಗಿ ನಿಂತು ನೀನೇ ಅದನ್ನು ಬೆನ್ನಟ್ಟು ಎಂದು ಕಡೆಗೆ ಒಗಿಯನ್ ಹೇಳುತ್ತಾನೆ. ಕಡಲಿನ ಅಂಚಿನಲ್ಲಿ ಅವರಿಬ್ಬರೂ ಎದುರಾದಾಗ ಏನಾಯಿತೆಂಬುದನ್ನು ಹೇಳಿ ನಿಮ್ಮ ಓದಿನ ಸವಿಯನ್ನು ಕೆಡಿಸಲೊಲ್ಲೆವು. ಊರಿನಿಂದ ಬಂದವರೆಂದು ಈ ನಗರದಲ್ಲಿ ನಗೆಗೀಡಾದವರು, ಆ ಸಿಟ್ಟಿನಲ್ಲಿ ಮಾಡಬಾರದುದನ್ನು ಮಾಡಿದವರು, ಇದನ್ನು ತಪ್ಪದೆ ಓದಬೇಕು.

೩. ನಡುರಾತ್ರಿ ಬರುವ ಬೇತಾಳ

ಬೇತಾಳನು ರಾಜನ ಹೆಗಲ ಮೇಲೆ ಕುಳಿತು ಕತೆ ಹೇಳಿ ಪ್ರಶ್ನೆ ಕೇಳುತ್ತಾನೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ರಾಜನ ತಲೆ ಒಡೆಯುತ್ತದೆ. ಈಗ ನಿಂತುಹೋಗಿರುವ 'ಚಂದಮಾಮ' ಮಾಸಪತ್ರಿಕೆಯಲ್ಲಿ ಆ ಕತೆಗಳನ್ನು ಓದಿಯೇ ನಾವು ಬೆಳೆದೆವು. ಪ್ಯಾಟ್ರಿಕ್ ನೆಸ್ ಅವರ 'ಎ ಮಾನ್‌ಸ್ಟರ್ ಕಾಲ್ಸ್' (೨೦೧೧) ಕಾದಂಬರಿಯನ್ನು ತೆರೆದಾಗ ನಮಗೆ ಬೇತಾಳನ ನೆನಪೇ ಬಂದಿತು. ಶಿವಾನ್ ಡೌಡ್ ಎಂಬ ಲೇಖಕಿ ಈ ಕತೆಯನ್ನು ಯೋಚಿಸಿ, ಬರೆದು ಮುಗಿಸುವ ಮೊದಲೇ ೨೦೦೭ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು; ಅವರ ಕಲ್ಪನೆಯನ್ನು ನೆಸ್ ಪೂರ್ಣಗೊಳಿಸಿದರು. ಇದಕ್ಕೆ ಚಿತ್ರ ಬರೆದವರು ಜಿಮ್ ಕೇ. ಬರವಣಿಗೆಗೆ ಕೊಡುವ ಕಾರ್ನೆಗೀ ಪದಕವೂ ಚಿತ್ರಗಳಿಗೆ ಕೊಡುತ್ತಿದ್ದ ಗ್ರೀನವೇ ಪದಕವೂ ೨೦೧೨ರಲ್ಲಿ ಈ ಒಂದೇ ಪುಸ್ತಕಕ್ಕೆ ಸಂದವು.

ಹದಿಮೂರು ವರ್ಷದ ಕಾನರ್‌ನ ತಾಯಿ ಕಾಯಿಲೆಯಲ್ಲಿದ್ದಾಳೆ. ರಾತ್ರಿ ಹನ್ನೆರಡು ಗಂಟೆ ಏಳು ನಿಮಿಷಕ್ಕೆ ಸ್ಮಶಾನದ ಹಳೆಯ ಯೂ ಮರವೊಂದು ದೈತ್ಯಾಕಾರ ತಾಳಿ ಅವನ ಕಿಟಕಿಗೆ ಬರುತ್ತದೆ. ನಾನು ಮೂರು ಕತೆ ಹೇಳುವೆ, ನಾಲ್ಕನೆಯದನ್ನು ನೀನು ಹೇಳಬೇಕು, ಅದು ನೀನು ಬಚ್ಚಿಟ್ಟ ಸತ್ಯವಾಗಿರಬೇಕು ಎನ್ನುತ್ತದೆ.

ಇಲ್ಲಿ ನಮ್ಮ ಸ್ವಂತದ ಮಾತೊಂದನ್ನು ಹೇಳಬೇಕಾಗಿದೆ. ನಾವು ಊರಿನ ಕನ್ನಡ ಶಾಲೆಯಲ್ಲಿ ಎಂಟನೆಯ ತರಗತಿಯಲ್ಲಿದ್ದಾಗ ನಮ್ಮ ತಾಯಿಯವರು ಏಳು ತಿಂಗಳು ಹಾಸಿಗೆ ಹಿಡಿದು ತೀರಿಕೊಂಡರು. ಆ ನರಳಾಟವನ್ನು ಕೇಳಲಾರದೆ ಒಂದು ರಾತ್ರಿ ನಮ್ಮ ಮನಸ್ಸಿನಲ್ಲಿ ಸುಳಿದ ಒಂದು ಆಸೆಯನ್ನು ನಾವು ತಂದೆಗಾಗಲಿ ಅಕ್ಕನಿಗಾಗಲಿ ಎಂದೂ ಹೇಳಲಿಲ್ಲ. ಅಂಥ ಆಸೆ ಬಂದ ಮಗನು ಪಾಪಿಯೆಂದು ಇಪ್ಪತ್ತು ವರ್ಷ ನಂಬಿದ್ದೆವು. ಮುಂಬಯಿಯ ಲೋಕಲ್ ಗಾಡಿಯಲ್ಲಿ ನಿಂತುಕೊಂಡೇ ಈ ಪುಸ್ತಕದ ಕೊನೆಯ ಭಾಗವನ್ನು ಓದಿದಾಗ, ಕಾನರ್ ಬಚ್ಚಿಟ್ಟದ್ದೂ ಅದನ್ನೇ ಎಂದು ತಿಳಿಯಿತು. ನಾವು ಇಳಿಯಬೇಕಾದ ನಿಲ್ದಾಣ ದಾಟಿಹೋಯಿತು. ಪ್ರೀತಿಸುವವರ ನೋವು ಮುಗಿಯಲೆಂದು ಬಯಸುವುದು ಪ್ರೀತಿಯ ಅಭಾವವಲ್ಲವೆಂದು ನಮಗೆ ಯಾವ ನೀತಿಪಾಠವೂ ಹೇಳಿಕೊಟ್ಟಿರಲಿಲ್ಲ. ನಡೆದಾಡುವ ಮರವೊಂದು ಹೇಳಿಕೊಟ್ಟಿತು. ಮನೆಯಲ್ಲಿ ಕಾಯಿಲೆಯಿರುವ ಮಕ್ಕಳು ಇದನ್ನು ಒಬ್ಬರೇ ಓದದೆ, ಹಿರಿಯರೊಬ್ಬರ ಜೊತೆಯಲ್ಲಿ ಓದಲಿ.

೪. ನಮ್ಮ ನಗರದ ಮಾತುಗಳ ಕಡಲು

ಕೊನೆಯ ಪುಸ್ತಕ ಓದಲು ಬಲು ಸೊಗಸಾದುದು: ೧೯೪೭ರಲ್ಲಿ ಇದೇ ಮುಂಬಯಿಯಲ್ಲಿ ಜನಿಸಿದ ಸಲ್ಮಾನ್ ರಶ್ದಿ ಅವರ 'ಹಾರೂನ್ ಆ್ಯಂಡ್ ದ ಸೀ ಆಫ್ ಸ್ಟೋರೀಸ್' (೧೯೯೦). ತಮ್ಮ ಮಗನಿಗಾಗಿ ಅವರು ಬರೆದ ಈ ಕಾದಂಬರಿಯ ಹೆಸರಿನಲ್ಲೇ ಕಥಾಸರಿತ್ಸಾಗರದ ಧ್ವನಿಯಿದೆ. ಇದರ ಊರುಗಳ ಹೆಸರನ್ನು ಅರಿಯಲು ನಿಮಗೆ ಶಬ್ದಕೋಶ ಬೇಡ. ಗುಪ್ ಎಂಬುದು ಹರಟುವವರ ನಾಡು, ಚುಪ್ ಎಂಬುದು ಮೌನದ ನಾಡು. ಎರಡೂ ಕಹಾನಿ ಎಂಬ ಚಂದ್ರನ ಮೇಲಿವೆ. ಬೀದಿಯ ಹಿಂದಿ ಬಲ್ಲ ಮುಂಬಯಿಯ ಮಕ್ಕಳಿಗೆ ನಗೆ ಬರುವಲ್ಲಿ ಲಂಡನ್ನಿನ ಮಕ್ಕಳು ಅರ್ಥ ಹುಡುಕಬೇಕಾದೀತು!

ಹಾರೂನನ ತಂದೆ ರಶೀದ್ ಹೆಸರಾಂತ ಕತೆಗಾರ. ಹೆಂಡತಿ ಮನೆ ಬಿಟ್ಟು ಹೋದಾಗ, ದುಃಖದಲ್ಲಿದ್ದ ಮಗನು, ನಿಜವೇ ಅಲ್ಲದ ಕತೆಗಳಿಂದ ಏನು ಉಪಯೋಗವೆಂದು ತಂದೆಯನ್ನು ಕೇಳಿಬಿಡುತ್ತಾನೆ. ಅದಾದ ಮೇಲೆ ತಂದೆಗೆ ಕತೆ ಬರುವುದೇ ನಿಂತುಹೋಗುತ್ತದೆ. ಕತೆಗಳ ಮೂಲವಾದ ಕಡಲಿಗೆ ಹೋಗಿ ನೋಡಿದರೆ, ಖತ್ತಮ್ ಶುದ್ ಎಂಬ ದುಷ್ಟನು ಅದಕ್ಕೆ ವಿಷ ಬೆರೆಸುತ್ತಿದ್ದಾನೆ. ಪ್ರತಿಯೊಂದು ಕತೆಯೊಳಗೂ ತನ್ನ ಅಧಿಕಾರ ನಡೆಯದ ಒಂದು ಲೋಕವಿದೆಯೆಂಬುದೇ ಅವನ ಸಿಟ್ಟು. ನಮ್ಮ ಮೇಜಿನ ಬಳಿ ಬಂದ ತಂದೆಯವರ ಪ್ರಶ್ನೆಯೂ ಹಾರೂನನ ಪ್ರಶ್ನೆಯೂ ಒಂದೇ ಎಂಬುದನ್ನು ಗಮನಿಸಿರಿ. ಮಗನ ಮೇಲಣ ಚಿಂತೆ ಅವರಿಂದ ಅದನ್ನು ಕೇಳಿಸಿತು. ತಾಯಿ ಹೋದ ದುಃಖ ಇವನಿಂದ ಕೇಳಿಸಿತು. ಆದುದರಿಂದ ಹಾಗೆ ಕೇಳಿದವರ ಮೇಲೆ ಕೋಪ ಮಾಡುವುದು ತರವಲ್ಲ.

ಓದುವ ಕ್ರಮ

ಕನ್ನಡದಲ್ಲಿ ಕಲಿಯುವ ನಮಗೆ ಇಂಗ್ಲಿಷ್ ಕಾದಂಬರಿ ಹೇಗೆ ತಿಳಿದೀತೆಂದು ಅಂಜಬೇಡಿರಿ. ನಾವೂ ಕನ್ನಡದಲ್ಲೇ ಮೆಟ್ರಿಕ್ ಮುಗಿಸಿದವರು. ಮೊದಲ ಇಂಗ್ಲಿಷ್ ಕಾದಂಬರಿಯನ್ನು ಓದಿ ಮುಗಿಸಲು ನಮಗೆ ನಾಲ್ಕು ತಿಂಗಳು ಹಿಡಿಯಿತು. ಮೊದಲ ಐವತ್ತು ಪುಟಗಳವರೆಗೆ ತಾಳ್ಮೆಯಿರಲಿ. ಪ್ರತಿ ಶಬ್ದಕ್ಕೂ ನಿಲ್ಲಬೇಡಿರಿ. ಕತೆ ಕೈಹಿಡಿದು ನಡೆಸುತ್ತದೆ. ದಿನದ ಓದು ಮುಗಿದ ಮೇಲೆ ಅಷ್ಟು ಭಾಗವನ್ನು ಮನೆಯಲ್ಲಿ ತಂಗಿಗೋ ಅಜ್ಜಿಗೋ ಕನ್ನಡದಲ್ಲಿ ಹೇಳಿರಿ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಗೆ ಮೂಲ ಇಂಗ್ಲಿಷ್ ಕವಿ ಬ್ರೌನಿಂಗನ ಕವನ. ಆದರೆ ಆ ಜೋಗಿ ಇಂದು ಅಪ್ಪಟ ಕನ್ನಡಿಗನಾಗಿದ್ದಾನೆ. ಹೇಳುವ ಬಾಯಿದ್ದರೆ ಯಾವ ಕತೆಯೂ ನಮ್ಮದಾಗುತ್ತದೆ. ಹೊಸ ಪುಸ್ತಕಕ್ಕೆ ಹಣ ಸಾಲದಿದ್ದರೆ ಮಾಟುಂಗದ ಕಿಂಗ್ಸ್ ಸರ್ಕಲ್ ಬಳಿಯ ಹಳೆಯ ಪುಸ್ತಕದ ವ್ಯಾಪಾರಿಗಳಲ್ಲಿ ವಿಚಾರಿಸಿರಿ.

ದೆವ್ವ, ಮಂತ್ರಗಳಿದ್ದ ಮಾತ್ರಕ್ಕೆ ಎಲ್ಲ ಪುಸ್ತಕವೂ ಒಳ್ಳೆಯದೆಂದು ನಮ್ಮ ಅಭಿಪ್ರಾಯವಲ್ಲ. ಪರೀಕ್ಷೆ ಸುಲಭ: ಮಂತ್ರವು ಬೆಲೆಯಿಲ್ಲದೆ ಎಲ್ಲವನ್ನೂ ಸರಿಪಡಿಸಿದರೆ ಆ ಕತೆ ಪೊಳ್ಳು. ಮಂತ್ರವಿದ್ದರೂ ನಾಯಕನು ತನ್ನ ಧೈರ್ಯದಿಂದಲೇ ದಾಟಬೇಕಾದ ಹೊಳೆಯೊಂದು ಉಳಿದಿದ್ದರೆ ಆ ಕತೆ ಗಟ್ಟಿ.

ಆ ತಂದೆಯವರು ಪುಸ್ತಕವನ್ನು ನಮ್ಮ ಬಳಿಯೇ ಬಿಟ್ಟು, "ಪರೀಕ್ಷೆ ಮುಗಿದ ಮೇಲೆ ಬೇಕಾದರೆ ಕೊಡಿ ಮಾಸ್ತರೇ" ಎಂದು ಹೇಳಿ ಹೋಗಿದ್ದರು. ಅದು ನಮ್ಮ ಮೇಜಿನ ಖಾನೆಯಲ್ಲಿ, ಹುಡುಗನು ಗುರುತಿಗೆಂದು ಇಟ್ಟ ಬಸ್ಸಿನ ಟಿಕೇಟಿನೊಡನೆ, ಇಂದಿಗೂ ಇದೆ. ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ಅವನ ಹತ್ತನೆಯ ತರಗತಿಯ ಪರೀಕ್ಷೆ ಮುಗಿದಿರುತ್ತದೆ. ಪುಸ್ತಕ ಅವನಿಗಾಗಿ ಕಾದಿದೆ. ಈ ಲೇಖನವನ್ನು ಅವನ ತಂದೆಯವರೂ ಓದಲೆಂದು ನಮ್ಮ ವಿನಂತಿ.

ಅಭ್ಯಾಸ

೧. ಬೇತಾಳನ ಪ್ರಶ್ನೆಗೂ ಯೂ ಮರದ ಬೇಡಿಕೆಗೂ ಇರುವ ಹೋಲಿಕೆ, ವ್ಯತ್ಯಾಸಗಳನ್ನು ಬರೆಯಿರಿ.
೨. ನಿಮ್ಮ ಮುಂದೆ ಬೊಗಾರ್ಟ್ ಬಂದರೆ ಯಾವ ರೂಪ ತಾಳೀತು? ಅದನ್ನು ನಗೆಗೀಡು ಮಾಡುವ ಬಗೆ ಹೇಗೆ?
೩. ಒಗಿಯನ್ ಮಳೆಯನ್ನು ಏಕೆ ತಡೆಯಲಿಲ್ಲ? ನಿಮ್ಮ ಮಾತುಗಳಲ್ಲಿ ವಿವರಿಸಿರಿ.
೪. ನಿಮ್ಮ ಮನೆಯ ಹಿರಿಯರಿಂದ ಒಂದು ಅದ್ಭುತ ಕತೆಯನ್ನು ಕೇಳಿ, ಕನ್ನಡದಲ್ಲಿ ಬರೆದು ತನ್ನಿರಿ.