ಪ್ಲಾಟಿನಂ ಬಳಿಯುವವರಿಗೆ ಐದು ಮಾತು

ರಾಯಚೂರಿನಲ್ಲಿ ಕರೆಂಟ್ ಅಂದರೆ ಶಕ್ತಿನಗರದ ಸ್ಥಾವರದಲ್ಲಿ ಸುಡುವ ಕಲ್ಲಿದ್ದಲು. ಆದರೆ ಹೈಡ್ರೋಜನ್ನನ್ನು ಸುಡದೆಯೇ ಗಾಳಿಯ ಆಮ್ಲಜನಕದೊಡನೆ ಕೂಡಿಸಿ ಕರೆಂಟ್ ತೆಗೆಯುವುದು ಫ್ಯುಯೆಲ್ ಸೆಲ್. ಅದರ ಪ್ಲಾಟಿನಂ ಬಳಿದ ಎಲೆಕ್ಟ್ರೋಡ್ ಮಾಡಲು ಲ್ಯಾಬಿಗೆ ಬರುವ ಹುಡುಗರಿಗೆ ನಾನು ಹೇಳುವುದಿಷ್ಟು.

1. ಪ್ಲಾಟಿನಂ ಹೆಚ್ಚು ಸುರಿದರೆ ಕರೆಂಟ್ ಹೆಚ್ಚುವುದಿಲ್ಲ. ಅನಿಲ, ಪ್ಲಾಟಿನಂ ಕಣ, ಪ್ರೋಟಾನ್ ಸಾಗಿಸುವ ನ್ಯಾಫಿಯಾನ್, ಈ ಮೂರೂ ಕೂಡಿದಲ್ಲಿ ಮಾತ್ರ ಕ್ರಿಯೆ. ಅದರಾಚೆ ಹೂತ ಕಣ ದಂಡ. 1980ರ ದಶಕದಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದವರು ಎಲೆಕ್ಟ್ರೋಡಿನ ಒಳಗೇ ನ್ಯಾಫಿಯಾನ್ ಇಳಿಸಿ, ಚದರ ಸೆಂಟಿಮೀಟರಿಗೆ 4 ಮಿಲಿಗ್ರಾಂ ಹಿಡಿಯುತ್ತಿದ್ದ ಪ್ಲಾಟಿನಂ ಅನ್ನು 0.4ಕ್ಕೆ ಇಳಿಸಿದರು. ಕಣಕ್ಕೆ ದಾರಿ ಸಿಕ್ಕಿತು.

2. ಪ್ಲಾಟಿನಂ-ಕಾರ್ಬನ್ ಪುಡಿಗೆ ಮೊದಲು ನೀರು, ಆಮೇಲೆ ಆಲ್ಕೋಹಾಲ್. ಕಾರ್ಬನ್ ಮೇಲೆ ಕೂತ 2ರಿಂದ 5 ನ್ಯಾನೋಮೀಟರಿನ ಪ್ಲಾಟಿನಂ ಕಣಕ್ಕೆ ಒಣಗಿದ್ದಾಗ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿದರೆ ಬೆಂಕಿಯೇ ಹತ್ತಬಹುದು. ಪುಡಿ ಪೂರ್ತಿ ನೆನೆದು ಕಪ್ಪು ಕೆಸರಾಗಲಿ, ನಂತರ ಆಲ್ಕೋಹಾಲ್, ನ್ಯಾಫಿಯಾನ್ ಬೆರೆಸಿ ಆ ಶಾಯಿಯನ್ನು ಅಲ್ಟ್ರಾಸೋನಿಕ್ ಬಾತ್‌ನಲ್ಲಿ ಇಡಿ. ಬಾತ್ ಬಿಸಿಯಾಗದಂತೆ ಐಸ್ ಹಾಕಿ. ಸ್ಪ್ರೇ ಮಾಡುವುದು ತೆಳು ಪದರದ ಮೇಲೆ ತೆಳು ಪದರ. ಏಪ್ರಿಲ್‌ನ ಇಲ್ಲಿನ ಬಿಸಿಲಲ್ಲಿ ಮಧ್ಯಾಹ್ನ ಕೂತರೆ ಶಾಯಿ ನಳಿಕೆಯಲ್ಲೇ ಒಣಗುತ್ತದೆ, ಬೆಳಿಗ್ಗೆಯೇ ಮುಗಿಸಿ.

3. ಮಾನ್ವಿಯ ರೈಸ್ ಮಿಲ್ಲಿನ ಹೊಟ್ಟು, ದೇವದುರ್ಗದ ಹತ್ತಿಕಟ್ಟಿಗೆ: ಪ್ಲಾಟಿನಂ ಕೂರುವ ಕಾರ್ಬನ್ನಿಗೆ ಕಚ್ಚಾಮಾಲು ನಮ್ಮ ಸುತ್ತಲೇ ಬಿದ್ದಿದೆ. ಆದರೆ ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ, ಅದರಲ್ಲಿ ಎಲೆಕ್ಟ್ರಾನ್ ಹರಿಯದು. ಇದ್ದಿಲನ್ನು ಕಾಸ್ಟಿಕ್ ಸೋಡಾದಲ್ಲಿ ಕುದಿಸಿ ಸಿಲಿಕಾ ತೆಗೆಯಬೇಕು. ಹತ್ತಿಕಟ್ಟಿಗೆಯಲ್ಲಿ ತೊಂದರೆ ಪೊಟ್ಯಾಸಿಯಂನದು. ಆಮ್ಲದಲ್ಲಿ ತೊಳೆದರೆ ಹೋಗುತ್ತದೆ. ಊರ ಅಭಿಮಾನ ಒಳ್ಳೆಯದೇ, ಆದರೆ ಪೇಟೆಯ ವಲ್ಕನ್ ಕಾರ್ಬನ್ ಜೊತೆಗಿಟ್ಟು ಅಳೆಯುವ ತನಕ ಹೊಗಳುವುದು ಬೇಡ.

4. ಕೋಟಿಂಗ್ ಆದ ದಿನದ ಗ್ರಾಫ್ ಯಾರದ್ದಾದರೂ ಚೆಂದವೇ. 0.6ರಿಂದ 1.0 ವೋಲ್ಟ್ ನಡುವೆ ಸಾವಿರಗಟ್ಟಲೆ ಸಲ ಏರಿಳಿಸಿ ಮತ್ತೆ ಅಳೆಯಿರಿ. ಸಣ್ಣ ಕಣ ಕರಗಿ ದೊಡ್ಡದರ ಮೇಲೆ ಕೂಡುತ್ತದೆ, ಮೇಲ್ಮೈ ಕುಗ್ಗುತ್ತದೆ. ಅತಿ ಸಣ್ಣ ಕಣದ ಹುಚ್ಚು ನನಗಿಲ್ಲ; ಮೊದಲು ಕರಗುವುದೂ ಅದೇ.

5. ಕೊಳವೆಬಾವಿ ನೀರು ಲ್ಯಾಬಿನ ಮೇಜಿನ ಹತ್ತಿರವೂ ಸುಳಿಯಬಾರದು. ಅದರ ಕ್ಯಾಲ್ಸಿಯಂ ನ್ಯಾಫಿಯಾನ್‌ನಲ್ಲಿ ಪ್ರೋಟಾನಿನ ಜಾಗ ಹಿಡಿದು ಕೂರುತ್ತದೆ, ಕಬ್ಬಿಣ ನ್ಯಾಫಿಯಾನ್ ಪೊರೆಯನ್ನೇ ತಿನ್ನುತ್ತದೆ. ಬ್ಯಾಟರಿ ಅಂಗಡಿಯ ಕ್ಯಾನ್ ನೀರನ್ನೂ ನಂಬಬೇಡಿ. ಮೀಟರಿನಲ್ಲಿ 18 ಮೆಗಾಓಮ್-ಸೆಂಟಿಮೀಟರ್ ಕಂಡರಷ್ಟೇ ಬೀಕರಿಗೆ ಸುರಿಯಿರಿ.